ನೀರಿಲ್ಲ ಅನ್ನೂ ಆಪಿಗೆ ಒಂದು ಶಾಲು

ಕೇಳ್ರಿ ದೋಸ್ತರ, ಇವತ್ತ ಹುಕ್ಕೇರಿಯಾಗ ನನಗ ಶಾಲು ಹೊಚ್ಚಿ ಸತ್ಕಾರ ಮಾಡಿದ್ರು, ಐದ ನಿಮಿಷದಾಗ ಮರ್ಯಾದಿನೂ ತಗದ್ರು.

ಹೊಸಾ ಆಪ್ ಸ್ಟೋರ್ ಮಾಡಿದ ಒಂದ ಕಂಪನಿಯವರು, ಮನ್ಯಾಗ ಕುಂತು ಒಬ್ಬೊಬ್ಬರೇ ಆಪ್ ಮಾಡೂ ನಮ್ಮಂಥವರನ್ನ ಸೆಳಿಯಾಕ ಸಭಾ ಇಟ್ಟಿದ್ರು. "ನೀವಿದ್ದರೇನೇ ನಮ್ಮ ಸ್ಟೋರು" ಅಂತ ಬೆಂಗಳೂರಿನ ಸಾಹೇಬ್ರು ಎಲ್ಲಾರಿಗೂ ಶಾಲು, ಟೆಂಗಿನಕಾಯಿ ಕೊಟ್ರು. ಆಮ್ಯಾಲ ನನ್ನ ಆಪ್ ತಗದು ದೊಡ್ಡ ಪರದೆ ಮ್ಯಾಲ ತೋರಿಸಿದ್ರು.

ಗೋಕಾಕ ಫಾಲ್ಸಿನ್ಯಾಗ ಇವತ್ತ ನೀರ ಐತೋ ಇಲ್ಲೋ, ಅಷ್ಟ ಹೇಳೂ ಆಪ್ ಅದು. ಅಲ್ಲೇ ಚಾದಂಗಡಿ ಇಟ್ಟಿರೂ ದಸ್ತಗೀರ ಕಾಕಾ ಮುಂಜಾನೆ ಒಲಿ ಹಚ್ಚಿ, ಫಾಲ್ಸ್ ಕಡೆ ಒಮ್ಮೆ ನೋಡಿ, ಫೋನಿನ್ಯಾಗ ಒಂದ ಬಟನ್ ಒತ್ತತಾರ. ಈಗ ಬ್ಯಾಸಗಿ. ಪರದೆ ತುಂಬ "ಇವತ್ತ ನೀರಿಲ್ಲ" ಅಂತ ಬಂತು.

"ಇಷ್ಟೇನಾ? ಆಪ್ ಖಾಲಿ ಇದೆಯಲ್ಲ!" ಅಂದ್ರು ಸಾಹೇಬ್ರು.

"ಆಪ್ ಖಾಲಿ ಇಲ್ರಿ ಸರ್, ಫಾಲ್ಸ್ ಖಾಲಿ ಐತಿ."

"ಗೇಮ್ ಮಾಡಿ, ವಿಡಿಯೋ ಹಾಕಿ. ಇದು ಯಾರಿಗೆ ಉಪಯೋಗ? ನಮ್ಮ ಸ್ಟೋರಿಗೆ ತಗೊಳ್ಳೋಕಾಗಲ್ಲ."

ಎಲ್ಲಾರೂ ನಕ್ಕರು. ನಾ ಶಾಲಿನ್ಯಾಗ ಬೆವತೆ.

ಊಟದ ಹೊತ್ತಿಗೆ ಸಾಹೇಬ್ರ ಮ್ಯಾಲಿನ ಅಧಿಕಾರಿ ಮೇಡಂ ಕಾರಿಂದ ಸಿಟ್ಟಿಲೇ ಇಳದ್ರು. "ಬೆಳಿಗ್ಗೆಯಿಂದ ಗೋಕಾಕ ಫಾಲ್ಸ್ ಅಂತ ಸುತ್ತಿದ್ದೇ ಬಂತು. ಬರೀ ಬಂಡೆ! ಮೊದಲೇ ತಿಳಿಸೋಕೆ ಒಂದು ಆಪ್ ಕೂಡ ಇಲ್ವಾ?"

ಸಾಹೇಬ್ರು ರೊಟ್ಟಿ ಮುರಿಯೂದು ಬಿಟ್ಟು ನನ್ನ ಮಾರಿ ನೋಡಿದ್ರು.

"ಐತ್ರಿ ಮೇಡಂ," ಅಂದೆ. "ನಿಮ್ಮ ಸ್ಟೋರಿನ್ಯಾಗ ಸಿಗೂದಿಲ್ಲ, ಅಷ್ಟ."