ಕಾಕುವಿನ ಕೈ ಒಳಗಿದ್ದಾಗ

ಬಾನೆಟ್ ಎತ್ತುವ ಮೊದಲು ಕಾಕು ಎರಡೂ ಕೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಕೆಳಗೆ ಜಾರದಂತೆ ಪಲ್ಯದ ಪೊಟ್ಟಣಕ್ಕೆ ಹಾಕುವ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುತ್ತಿದ್ದರು. ಮಣಿಕಟ್ಟಿನ ತುಂಬ ರೊಟ್ಟಿ ಹಂಚು ತಾಗಿ ಸುಟ್ಟ ಗುರುತುಗಳು. ಉಗುರಿನ ಸಂದಿಯಲ್ಲಿ ಬೆಳಿಗ್ಗೆ ಜೋಳದ ಹಿಟ್ಟು, ಮಧ್ಯಾಹ್ನ ಗ್ರೀಸು.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಅವರು ನೆಲಮಹಡಿ, ನಾವು ಎರಡನೆಯದು. ಅವರು ವಿಜಯಪುರದ ಕಡೆಯವರು. ಮರಾಠಿಯವರಿಗೂ ನಮಗೂ ಒಂದೇ ಕರೆ ಒಗ್ಗುತ್ತಿದ್ದುದರಿಂದ ಇಡೀ ಕಟ್ಟಡಕ್ಕೆ ಅವರು ಕಾಕು, ಅಂದರೆ ಚಿಕ್ಕಮ್ಮ. ಕಲ್ಯಾಣದಿಂದ ಬದಲಾಪುರದವರೆಗೆ ಕಟ್ಟಡ ಕೆಲಸಕ್ಕೆ, ಹಮಾಲಿಗೆ ಬಂದ ಕಲಬುರಗಿ, ರಾಯಚೂರಿನ ಜನರಿಗೆ ದಿನವೂ ರೊಟ್ಟಿ ಊಟ ಒಯ್ದು ಕೊಡುತ್ತಿದ್ದರು. ಒಯ್ಯುತ್ತಿದ್ದದ್ದು ಯಾರೋ ಓಡಿಸಿ ಬಿಟ್ಟ ಹಳೆಯ ಡೀಸೆಲ್ ವ್ಯಾನಿನಲ್ಲಿ. ಅವರ ಯಜಮಾನರು ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗುವವರು; ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ.

ಒಮ್ಮೆ ಬೆಲ್ಟ್ ಹರಿದಾಗ ಗ್ಯಾರೇಜಿನವನು ಗಾಡಿಯನ್ನು ಮೂರು ದಿನ ಇಟ್ಟುಕೊಂಡನಂತೆ. ಮೂರು ದಿನವೂ ಕಾಕು ಅಲ್ಲೇ ಸ್ಟೂಲು ಹಾಕಿಕೊಂಡು ಕೂತರು. "ಅರ್ಧಾ ತಾಸಿನ ಕೆಲಸ ಅದು ತಂಗಿ. ಉಳಿದದ್ದೆಲ್ಲಾ ಅವ ಚಾ ಕುಡದಿದ್ದು," ಎನ್ನುತ್ತಿದ್ದರು. ಅಂದಿನಿಂದ ಆ ಗಾಡಿ ಗ್ಯಾರೇಜು ಕಂಡದ್ದು ಅಪರೂಪ.

ಎಲ್ಲರೂ ಅದನ್ನು ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಆದರೆ ಅದು ಫ್ಯಾನೊಂದಕ್ಕೇ ಸೇರಿದ್ದಲ್ಲ. ಒಂದೇ ಉದ್ದನೆಯ ಪಟ್ಟಿ, ಹಾವಿನಂತೆ ಐದಾರು ಗಾಲಿಗಳ ಮೇಲೆ ಕೆಳಗೆ ಸುತ್ತಿಕೊಂಡು ನೀರಿನ ಪಂಪು, ಡೈನಮೋ, ಎಲ್ಲವನ್ನೂ ತಿರುಗಿಸುತ್ತದೆ. ಹಳೆಯದನ್ನು ಬಿಚ್ಚುವ ಮೊದಲು ಕಾಕು ಅದರ ದಾರಿಯನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದುಕೊಳ್ಳುತ್ತಿದ್ದರು. "ರಂಗೋಲಿ ಇದ್ದಂಗ. ಒಂದು ಎಳಿ ತಪ್ಪಿದ್ರ ಎಲ್ಲಾ ತಪ್ಪು." ಆಮೇಲೆ ಉದ್ದ ಹಿಡಿಕೆಯ ಸ್ಪ್ಯಾನರ್, ಅವರ ಮಾತಲ್ಲಿ ಪಾನಾ, ಹಾಕಿ, ಬೆಲ್ಟನ್ನು ಬಿಗಿಹಿಡಿಯುವ ಸ್ಪ್ರಿಂಗಿನ ಗಾಲಿಯನ್ನು ಮೈಭಾರ ಬಿಟ್ಟು ಒತ್ತಿದರೆ ಬೆಲ್ಟ್ ಸಡಿಲವಾಗುತ್ತಿತ್ತು. ಅವರದೊಂದೇ ನೇಮ: ಯಾರ ಕೈ ಒಳಗಿದೆಯೋ ಚಾವಿ ಅವರ ಸೊಂಟದಲ್ಲಿರಬೇಕು. ಬ್ಯಾಟರಿಯ ವಯರು ಬಿಚ್ಚುವ ಗೋಜಿಗೆ ಹೋಗುತ್ತಿರಲಿಲ್ಲ. ಚಾವಿ ಸೊಂಟದಲ್ಲಿದ್ದ ಮೇಲೆ ಅದೇಕೆ?

ಸೊಸೈಟಿಯ ಸೆಕ್ರೆಟರಿಗೆ ಇದೆಲ್ಲ ಆಗುತ್ತಿರಲಿಲ್ಲ. ಹೆಂಗಸು, ಅದೂ ಕಾಂಪೌಂಡಿನಲ್ಲಿ, ಹಾಗೆ ಬಗ್ಗಿ ನಿಲ್ಲುವುದು ಶೋಭೆಯಲ್ಲ ಎಂದು ನನ್ನ ತಂದೆಯ ಮುಂದೆ ಹೇಳಿದ್ದರು. ಕಾಕುವಿಗೆ ತಿಳಿದು ನಕ್ಕರು. "ಒಲಿ ಮುಂದ ಬಗ್ಗಿದ್ರ ಶೋಭಾ, ಎಂಜಿನ್ ಮುಂದ ಬಗ್ಗಿದ್ರ ಇಲ್ಲೇನು?"

ಆ ದಿನ ಖಂಡೇನವಮಿ. ಪಾನಾ, ಇಕ್ಕಳ, ರೊಟ್ಟಿ ಹಂಚು, ಗಾಡಿಯ ಚಾವಿ ಎಲ್ಲವೂ ತಟ್ಟೆಯಲ್ಲಿ ಚೆಂಡುಹೂವಿನ ಜೊತೆ ದೇವರ ಮುಂದೆ. ಪೂಜೆಗೆ ಕೂತ ಆಯುಧವನ್ನು ಅಂದು ಯಾರೂ ಮುಟ್ಟುವುದಿಲ್ಲ. ಹೋಳಿಗೆ ಊಟ ಮಾತ್ರ ನಸುಕಿನಲ್ಲೇ ಸಿದ್ಧವಾಗಿತ್ತು. ಅದನ್ನು ಒಯ್ಯುವಾಗಷ್ಟೇ ಚಾವಿ ಎತ್ತಿಕೊಳ್ಳುವ ಲೆಕ್ಕ. ಹಿಂದಿನ ಸಂಜೆಯಿಂದಲೇ ಗಾಡಿ ಕಿರುಚುತ್ತಿತ್ತು. ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಬೆಲ್ಟಿನ ಒಂದು ಅಂಚು ನಾರುನಾರಾಗಿ ನೇತಾಡುತ್ತಿದೆ.

ಯಜಮಾನರು, "ಇವತ್ತ ಮುಟ್ಟಬ್ಯಾಡ," ಎಂದರು.

"ಹಬ್ಬದ ದಿನ ಆ ಹುಡುಗ್ರು ವಡಾಪಾವ್ ತಿನ್ಬೇಕೇನ್ರಿ?" ಎಂದು ಕಾಕು ದೇವರಿಗೆ ಕೈಮುಗಿದು ಪಾನಾ ಎತ್ತಿಕೊಂಡರು. ಚಾವಿಯನ್ನು ಮಾತ್ರ ಬಿಟ್ಟರು. ಅದೊಂದಾದರೂ ಪೂಜೆಯಲ್ಲಿರಲಿ ಎಂದು.

ತಾವೇ ಮಾಡಿದ ನೇಮವನ್ನು ಅವರು ಮೊದಲ ಸಲ ಮುರಿದದ್ದು ಅಂದು, ದೇವರ ಮೇಲಿನ ಮರ್ಯಾದೆಗೆ.

ಹೊಸ ಬೆಲ್ಟ್ ಏರಿದ ಮೇಲೆ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಿತ್ತು. "ತಟ್ಟಿ ತಗೊಂಬಾ," ಎಂದು ನನ್ನನ್ನು ಕಳಿಸಿದರು. ನಾನು ತಟ್ಟೆ ಹಿಡಿದು ಬರುವಷ್ಟರಲ್ಲಿ ಗೇಟಿನಲ್ಲಿ ನೀರಿನ ಟ್ಯಾಂಕರು ಹಾರ್ನ್ ಹೊಡೆಯುತ್ತಿತ್ತು. "ಗಾಡಿ ಬಾಜೂಲಾ ಘ್ಯಾ, ಟ್ಯಾಂಕರ್ ಆಲಾಯ್," ಎಂದು ಸೆಕ್ರೆಟರಿ ಗಾಡಿ ಪಕ್ಕಕ್ಕೆ ಸರಿಸಲು ಕೂಗುತ್ತಿದ್ದರು. ಎತ್ತಿದ ಬಾನೆಟ್ಟಿನ ಆಚೆ ಬಗ್ಗಿದ್ದ ಕಾಕು ಕಾಣಲಿಲ್ಲ. ಹೊಸ ಬೆಲ್ಟ್ ಏರಿದ್ದನ್ನು ಕಂಡಿದ್ದೆ. ಕೆಲಸ ಮುಗಿಯಿತು ಎಂದುಕೊಂಡೆ. ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ತಟ್ಟೆಯಿಂದ ಕುಂಕುಮ ಹಚ್ಚಿದ ಚಾವಿ ತೆಗೆದುಕೊಂಡು, ಸೀಟಿನಲ್ಲಿ ಕೂತು, ತಿರುಗಿಸಿದೆ.

ಎಂಜಿನ್ ಒಂದು ಸಲ ಹೊರಳಿತು. ಅಷ್ಟೇ. ಗುಡುಗುಡು ಶಬ್ದದ ನಡುವೆ ಇನ್ನೇನೋ ಸಿಕ್ಕಿಕೊಂಡ ಮೆತ್ತನೆಯ ಸದ್ದು. ಅದನ್ನು ನಾನು ಇಂದಿಗೂ ಮಿಕ್ಸರಿನಲ್ಲಿ, ಲಿಫ್ಟಿನಲ್ಲಿ, ಲೋಕಲ್ ರೈಲು ಹೊರಡುವಾಗಿನ ಮೊದಲ ಜಗ್ಗಾಟದಲ್ಲಿ ಕೇಳುತ್ತೇನೆ.

ಬೆಲ್ಟಿನ ಗೀರುಗಳು ಗಾಲಿಯ ಗೀರಿಗೆ ಸರಿಯಾಗಿ ಕೂತಿವೆಯೇ ಎಂದು ಕಾಕು ಬೆರಳಾಡಿಸಿ ನೋಡುತ್ತಿದ್ದರು. ಅವರ ಕೈಯಲ್ಲಿದ್ದ ಅರಿವೆಯನ್ನು ಬೆಲ್ಟ್ ಎಳೆದುಕೊಂಡು ಗಾಲಿಯೊಳಗೆ ತುರುಕಿತ್ತು. ಅರಿವೆಯ ಜೊತೆ ಎರಡು ಬೆರಳ ತುದಿಯ ಚರ್ಮ. ಎಲುಬು ಉಳಿದಿತ್ತು. ಅವರು ಕೂಗಲಿಲ್ಲ. "ಇಳಿ ತಂಗಿ," ಎಂದರು.

ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಸುತ್ತಿಕೊಂಡು, ಸಿಕ್ಕಿದ್ದ ಅರಿವೆ ಬಿಡಿಸಿ, ಬೆಲ್ಟನ್ನು ಮತ್ತೆ ಕೂರಿಸಿ, ಅವರು ಹೋಳಿಗೆ ಊಟ ಮುಟ್ಟಿಸಿಯೇ ದವಾಖಾನೆಗೆ ಹೋದದ್ದು. ಯಾರು ಕೇಳಿದರೂ ಒಂದೇ ಉತ್ತರ: "ಕೈ ಜಾರ್ತು."

ಸೆಕ್ರೆಟರಿಗೆ ಬೇಕಿದ್ದದ್ದು ಅದೇ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ, ಕಾಕುವಿನ ಅಜಾಗ್ರತೆಯಿಂದ ಅಪಘಾತವಾಗಿದೆ, ಪಾರ್ಕಿಂಗ್ ವಾಪಸು ಪಡೆಯಬೇಕು ಎಂದು ಓದಿದರು. ಪಾರ್ಕಿಂಗ್ ಹೋದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಊಟದ ಕೆಲಸ ಇಲ್ಲ. ಕಾಕು ಬ್ಯಾಂಡೇಜಿನ ಕೈಯನ್ನು ಎಲ್ಲರಿಗೂ ಕಾಣುವಂತೆ ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದರು. ನನ್ನ ಹೆಸರು ಹೇಳಲಿಲ್ಲ.

ನಾನು ಎದ್ದೆ. ಅವರ ಕೈ ಜಾರಲಿಲ್ಲ, ಚಾವಿ ತಿರುಗಿಸಿದ್ದು ನಾನು, ತಿರುಗಿಸುವಂತೆ ಅವಸರ ಮಾಡಿದ್ದು ನೀವು ಎಂದು ಸೆಕ್ರೆಟರಿಗೆ ಹೇಳಿದೆ. ಮರಾಠಿಯಲ್ಲಿ ಹೇಳಿದ್ದರಿಂದ ಅರ್ಥವಾಗದೆ ಉಳಿದವರು ಯಾರೂ ಇರಲಿಲ್ಲ. ನನ್ನ ತಂದೆ ನೆಲ ನೋಡಿದರು. ಸೆಕ್ರೆಟರಿ ಕಾಗದ ಮಡಚಿದರು. ಅದನ್ನು ಮತ್ತೆ ಯಾರೂ ಓದಲಿಲ್ಲ.

ಮೆಟ್ಟಿಲಲ್ಲಿ ಕಾಕು ಗದರಿದರು. "ನಿನ್ನ ಯಾರ್ ಕೇಳಿದ್ರು? ನಾ ಸಂಭಾಳಿಸ್ತಿದ್ದೆ."

"ನಿಮಗಾಗಿ ಅಲ್ಲ ಕಾಕು, ನನಗಾಗಿ," ಎಂದೆ.

"ಹಂಗಂದ್ರ ಚಲೋ ಆತು."

ಹೋದ ವರ್ಷ ಕಾಕು ಹೃದಯಾಘಾತದಿಂದ ತೀರಿಕೊಂಡರು. ಎಂಜಿನಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆ ಸಂಬಂಧ ಕಟ್ಟಿ, ಹೆಣ್ಣುಮಕ್ಕಳಿಗೇಕೆ ಇಂಥ ಕೆಲಸ ಎಂದವರ ಮುಂದೆ ನಾನು ಸುಮ್ಮನೆ ಕೂರಲಿಲ್ಲ. ಕೂರುವುದೂ ಇಲ್ಲ.

ಅವರಿಗೆ ನಾನು ಋಣಿಯಾಗಿರುವುದು ಬೇರೊಂದಕ್ಕೆ. ಬೆರಳು ಮಾಗಿ ತಿಂಗಳೊಪ್ಪತ್ತಿನಲ್ಲಿ ಆ ಸ್ಪ್ರಿಂಗಿನ ಗಾಲಿ ಕೆಟ್ಟಿತು. ಮತ್ತೆ ಬಾನೆಟ್ ಎತ್ತಬೇಕಾಯಿತು. ನಾನು ದೂರದ ಗೋಡೆಗೆ ಒರಗಿ ನಿಂತಿದ್ದೆ. ಕಾಕು ನನ್ನನ್ನು ಕರೆದು ಡ್ರೈವರ್ ಸೀಟು ತೋರಿಸಿದರು.

"ಅಲ್ಲಿ ಕೂಡು."

"ಬ್ಯಾಡ ಕಾಕು."

"ಕೂಡಂದ್ರ ಕೂಡು. ಸುಮ್ನ ಕೂಡೋದ್ ಕಲಿ."

ಕೂತೆ. ಚಾವಿ ಅವರ ಸೊಂಟದಲ್ಲಿರಲಿಲ್ಲ, ಸ್ಟಿಯರಿಂಗಿನ ಪಕ್ಕದಲ್ಲೇ ಸಿಕ್ಕಿಸಿತ್ತು. ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡೆ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವರ ಕೈಗಳು ಗಾಲಿಯಿಂದ ಗಾಲಿಗೆ ಹೋಗುವುದು ಕಾಣುತ್ತಿತ್ತು. ಅರ್ಧ ತಾಸು ಹಿಡಿಯಿತು. ಅಷ್ಟೂ ಹೊತ್ತು ಅವರು ಒಮ್ಮೆಯೂ ತಲೆಯೆತ್ತಿ ನನ್ನತ್ತ ನೋಡಲಿಲ್ಲ.