ಕಂಟ್ರೋಲರ್‌ಗೆ ಇಟ್ಟ ಕುಂಕುಮ

ಇಲ್ಲಿ ಪರದೇಶದಲ್ಲಿ, ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಗೆಳೆಯ, ಅಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಮೈಸೂರಿಗೆ ಹೋಗಿ, ಕೊರೊನಾದ ಎರಡನೇ ಅಲೆಯಲ್ಲಿ ಅಲ್ಲೇ ತೀರಿಕೊಂಡ. ಸುದ್ದಿ ಬಂದ ದಿನವೂ ನಾನು ಮೀಟಿಂಗ್ ಮುಗಿಸಿ, ಅನ್ನಕ್ಕಿಟ್ಟು, ತಿಂದು, ಪಾತ್ರೆ ತೊಳೆದೆ. ಅಳು ಬರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು, ಅದೂ ಬಹಳ ಹೊತ್ತು ನಿಲ್ಲಲಿಲ್ಲ.

ಕೆಲವು ವಾರಗಳ ಮೇಲೆ ಅವನ ಅಕ್ಕ ಫೋನ್ ಮಾಡಿದರು. "ಅವನ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡಪ್ಪ. ನಿಂಗೇನಾದ್ರೂ ಬೇಕಿದ್ರೆ ಇಟ್ಕೋ."

ನನಗೇನೂ ಬೇಡ ಅನ್ನಿಸಿತು. ಜಾಕೆಟ್ಟು, ಕುಕ್ಕರು ಎಲ್ಲ ಕೊಟ್ಟೆ. ಉಳಿದದ್ದು ಅವನ ವೈರ್‌ಲೆಸ್ ಗೇಮ್ ಕಂಟ್ರೋಲರ್. ಪಕ್ಕದ ಬಡಾವಣೆ ಕ್ಯಾಸಲ್‌ನಾಕ್‌ನ ಪರಿಚಯದ ಕನ್ನಡದವರೊಬ್ಬರು ಸಂಜೆ ಬಂದು ಒಯ್ಯುತ್ತೇನೆಂದರು. ಕೆಟ್ಟದ್ದನ್ನು ಕೊಟ್ಟು ಬೈಸಿಕೊಳ್ಳುವುದೇಕೆಂದು ನನ್ನ ಕಂಪ್ಯೂಟರಿಗೆ ಜೋಡಿಸಿ ನೋಡಲು ಕೂತೆ.

ಬ್ಲೂಟೂತ್ ಆನ್ ಮಾಡಿದೆ. ಕಂಟ್ರೋಲರಿನ ಮೇಲಂಚಿನ ಸಣ್ಣ ಬಟನ್ನನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಅದು ಒಳಗೇ ಹೋಗುತ್ತಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಸಂದಿಯಲ್ಲೆಲ್ಲ ಗಟ್ಟಿಯಾದ ಕುಂಕುಮ.

ಹಿಂದಿನ ಆಯುಧಪೂಜೆಯದು. ಲಾಕ್‌ಡೌನಿನಲ್ಲಿ ಎಲ್ಲೂ ಹೋಗುವಂತಿರಲಿಲ್ಲ. ಆಸಾಮಿ ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪು, ಮಿಕ್ಸಿ, ಸೈಕಲ್ ಹೆಲ್ಮೆಟ್ಟು ಸಾಲಾಗಿಟ್ಟು, ಕುಂಕುಮ ಕಲಸಿ ಬೊಟ್ಟಿಡುತ್ತಿದ್ದ. ಕಂಟ್ರೋಲರನ್ನೂ ಎತ್ತಿಕೊಂಡ.

"ಅದಕ್ಕೂ ಏನೋ?" ಎಂದು ರೇಗಿಸಿದೆ.

"ದಿನಾ ಇದ್ರಲ್ಲೇ ತಾನೇ ನಿನ್ನ ಬಗ್ಗುಬಡಿಯೋದು? ಇದು ಆಯುಧ ಅಲ್ದೆ ಇನ್ನೇನು ಕಣೋ?"

ನಿಜ. ಅವನು ಕಂಟ್ರೋಲರಿನಲ್ಲಿ, ನಾನು ಕೀಬೋರ್ಡಿನಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ನಾನು ಗೆದ್ದದ್ದು ನೆನಪಿಲ್ಲ. ಅವನ ಲ್ಯಾಪ್‌ಟಾಪಿಗೆ ಮೊದಲೇ ಜೋಡಿಸಿದ್ದರಿಂದ ಆ ಬಟನ್ ಅವನಿಗೆ ಮತ್ತೆ ಬೇಕಾಗಲೇ ಇಲ್ಲ.

ಹಲ್ಲುಕಡ್ಡಿ ತಂದು ಕೆರೆದೆ. ಒಂದು ಚೂರು ಉದುರಿತು. ಮುಂದೆ ಕೈ ಓಡಲಿಲ್ಲ. ಇದನ್ನೂ ಕೆರೆದು ಹಾಕಿದರೆ ಈ ಮನೆಯಲ್ಲಿ ಅವನ ಕೈಯದು ಏನೂ ಉಳಿಯುವುದಿಲ್ಲ. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆದುಕೊಂಡಿತು.

ಮಾಸ್ಕ್ ಹಾಕಿಕೊಂಡು ಬಾಗಿಲು ತೆಗೆದೆ. "ಸಾರಿ, ಅದು ಕೆಟ್ಟೋಗಿದೆ," ಎಂದೆ.

"ಗ್ರ್ಯಾಂಡ್, ಪರ್ವಾಗಿಲ್ಲ ಬಿಡಿ," ಎಂದು ಇಲ್ಲಿನವರ ಧಾಟಿಯಲ್ಲೇ ಹೇಳಿ ಅವರು ಹಿಂತಿರುಗಿದರು.

ಒಳಗೆ ಬಂದು ಚಾರ್ಜಿಂಗ್ ವೈರಿನಲ್ಲೇ ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಬಟನ್ ಮುಟ್ಟುವ ಕೆಲಸವೇ ಬರಲಿಲ್ಲ, ದೀಪ ಹತ್ತಿತು. ಅದೇ ಆಟ ತೆರೆದೆ. ಎಷ್ಟು ಜನ ಆಡುತ್ತೀರಿ ಎಂದು ಕೇಳಿತು. ಒಬ್ಬರು ಎಂದು ಒತ್ತಬೇಕಾಯಿತು. ಆಗ ಅಳು ಬಂತು.