ನಲವತ್ತೊಂದರ ಮೂರನೇ ಹಿಸ್ಸಾ ಮತ್ತು ಒಂದು ಗುಣಾಕಾರ

ಮಸಗುಪ್ಪಿಯ ನೀರು ಸಂಘದ ಪಂಪ್ ಶೆಡ್ಡಿನಲ್ಲಿರುವ ಪೆಟ್ಟಿಗೆಗೆ ಪ್ರೋಗ್ರಾಮ್ ಬರೆದವನು ನಾನು. ಅದು ಕೆಟ್ಟಾಗಲೂ ಹಾಗೆಯೇ ಹೇಳುತ್ತೇನೆ. ಸೈನ್ಯದ ವರ್ಕ್‌ಶಾಪಿನಲ್ಲಿ ರೇಡಿಯೋ ರಿಪೇರಿ ಕಲಿಯುವಾಗ ನಮಗಿದ್ದ ಮೊದಲ ನಿಯಮ: ಕೆಟ್ಟ ಸೆಟ್ ಯಾರ ಮೇಜಿನಿಂದ ಹೋಗಿತ್ತೋ ಅದೇ ಮೇಜಿಗೆ ವಾಪಸ್ ಬರಬೇಕು. ನಿವೃತ್ತನಾಗಿ ಗೋಕಾಕದಲ್ಲಿ ಮನೆ ಮಾಡಿದ ಮೇಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಚಹಾ, ಏಳಕ್ಕೆ ಮೇಜಿನ ಮುಂದೆ.

ಪೆಟ್ಟಿಗೆಯ ಕೆಲಸ ಸರಳ. ನದಿಯಿಂದ ಎತ್ತಿದ ನೀರು ಒಂದೇ ಪೈಪಿನಲ್ಲಿ ಬರುತ್ತದೆ. ಪ್ರತಿ ಹೊಲಕ್ಕೆ ಒಂದು ವಾಲ್ವ್, ಒಂದು ಮೀಟರು. ಮೀಟರು ಒಂದು ಸುತ್ತು ತಿರುಗಿದಾಗಲೆಲ್ಲ ತನ್ನ ಹೊಲದ ನಂಬರನ್ನು ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಆ ನಂಬರಿನ ದಾಖಲೆ ಹುಡುಕಿ ಒಂದು ಸುತ್ತು ಕೂಡಿಸುತ್ತದೆ. ಪಾಲು ತುಂಬಿದ ಕೂಡಲೇ ಆ ವಾಲ್ವ್ ಮುಚ್ಚಿ ಮುಂದಿನವರದನ್ನು ತೆರೆಯುತ್ತದೆ. ಕರೆಂಟ್ ಇರುವುದು ದಿನಕ್ಕೆ ಗೊತ್ತುಪಡಿಸಿದ ಕೆಲವೇ ತಾಸು; ಅದು ಹೋದರೆ ಅಂದಿನ ಪಾಳಿ ಮುಗಿಯಿತು. ನೀರು ಸಿಗದವರು ಮುಂದಿನ ವಾರ ಅದೇ ದಿನದವರೆಗೆ ಕಾಯಬೇಕು.

ಒಂದು ಗುರುವಾರ ಮುಂಜಾನೆ ಸಾಲಿನ ತುದಿಯ ಹೊಲದ ಹೆಣ್ಣುಮಗಳು ಬಸ್ಸು ಹಿಡಿದು ನಮ್ಮ ಮನೆಗೇ ಬಂದಳು.

"ಕಾಕಾ, ನಿಮ್ಮ ಪೆಟಗಿ ಸುಳ್ಳ ಹೇಳಾಕತ್ತೈತಿ."

"ಕುಂದರ ತಂಗಿ. ಏನ್ ಸುಳ್ಳ?"

"ಮ್ಯಾಲಿನ ಹೊಲದಾಗ ಬದು ಒಡದು ನೀರು ದಾರಿಗೆ ಹರದೈತಿ. ಪೆಟಗಿ ನೋಡಿದ್ರ ಇನ್ನೂ ಅರ್ಧಾ ಪಾಲ ಅಂತೈತಿ. ನನ್ನ ಪಾಳಿ ಬರೂದ್ರಾಗ ಕರೆಂಟ್ ಮಾಯ. ಮೂರು ವಾರ ಆತ್ರಿ. ಗೋವಿನಜೋಳ ತೆನಿ ಹಿಡಿಯೂ ಹೊತ್ತು. ಇನ್ನೊಂದು ಬುಧವಾರ ತಪ್ಪಿದ್ರ ದನಕ್ಕ ಕೊಯ್ದ ಹಾಕೂದ."

ಅವಳ ಹೊಲ ಸರ್ವೆ ನಂಬರ್ ನಲವತ್ತೊಂದರ ಮೂರನೇ ಹಿಸ್ಸಾ. ಅಣ್ಣಂದಿರೊಡನೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾದು ಪಡೆದ ತವರಿನ ಪಾಲು.

ಮಧ್ಯಾಹ್ನವೇ ಶೆಡ್ಡಿಗೆ ಹೋಗಿ, ಮೀಟರಿನ ಸುತ್ತುಗಳನ್ನು ಕೈಯಾರೆ ಎಣಿಸಿ ಪೆಟ್ಟಿಗೆಯ ಲೆಕ್ಕದ ಪಕ್ಕ ಬರೆದೆ. ಅವಳು ಹೇಳಿದ್ದು ಖರೆ. ಪೆಟ್ಟಿಗೆಗೆ ಸುತ್ತುಗಳು ತಪ್ಪುತ್ತಿದ್ದವು. ತಪ್ಪಿಸಿದವನು ನಾನು.

ದಾಖಲೆಗಳಿಗಾಗಿ ಇನ್ನೂರೈವತ್ತಾರು ಖಾನೆ ಇಟ್ಟಿದ್ದೆ. ನಂಬರ್ ನೋಡಿ, ಅದು ಯಾವ ಖಾನೆಯಲ್ಲಿದೆ ಎಂದು ಕ್ಷಣದಲ್ಲಿ ಲೆಕ್ಕ ಹಾಕುವುದಕ್ಕೆ ಹ್ಯಾಶಿಂಗ್ ಎನ್ನುತ್ತಾರೆ. ನಂಬರಿನ ಕೆಳಗಿನ ಎಂಟು ಬಿಟ್ ಏನಿದೆಯೋ ಅದೇ ಖಾನೆ ಎಂದು ಬರೆದಿದ್ದೆ. ಅದಕ್ಕಿಂತ ವೇಗದ ಲೆಕ್ಕ ಇಲ್ಲ. ಆದರೆ ನಂಬರನ್ನು ಜೋಡಿಸಿದವನೂ ನಾನೇ. ನಮ್ಮಲ್ಲಿ ಹೊಲ ಇಂದಲ್ಲ ನಾಳೆ ಅಣ್ಣತಮ್ಮಂದಿರಲ್ಲಿ ಒಡೆಯುವುದೇ. ಅದಕ್ಕೆ ಮೇಲೆ ಹೊಲದ ನಂಬರು, ಕೆಳಗಿನ ಎಂಟು ಬಿಟ್ ಹಿಸ್ಸಾಕ್ಕೆಂದು ಕಾಯ್ದಿರಿಸಿದ್ದೆ. ಇನ್ನೂ ಒಡೆಯದ ಹೊಲಕ್ಕೆ ಅಲ್ಲಿ ಸೊನ್ನೆ. ಊರಿನ ಬಹುಪಾಲು ಹೊಲ ಒಡೆದಿಲ್ಲ. ಹೀಗಾಗಿ ಎಲ್ಲವೂ ಸೊನ್ನೆಯ ಖಾನೆಯಲ್ಲಿ ಒಂದರ ಹಿಂದೊಂದು ನಿಂತಿದ್ದವು. ಸದಸ್ಯರು ಕಡಿಮೆ ಇದ್ದಾಗ ಗೊತ್ತಾಗಲಿಲ್ಲ. ಈ ವರ್ಷ ಸಾಲು ಬೆಳೆಯಿತು. ನಿಧಾನದ ಮೆಮೊರಿಯಲ್ಲಿ ಒಂದೊಂದೇ ದಾಖಲೆ ತೆಗೆದು ನೋಡುವಷ್ಟರಲ್ಲಿ ಮುಂದಿನ ಸುತ್ತುಗಳು ಬಂದು ಹೋಗುತ್ತಿದ್ದವು. ಅವಳ ಮೂರನೇ ಹಿಸ್ಸಾ ಇದ್ದ ಮೂರನೇ ಖಾನೆಯಲ್ಲಿ ಮಾತ್ರ ಜಾಗವೇ ಜಾಗ. ಅವಳ ಲೆಕ್ಕ ಚೊಕ್ಕ, ನೀರೇ ಇಲ್ಲ.

ಶನಿವಾರ ಸಂಘದ ಸಭೆ. ನಾನು ಹೋಗುವುದರೊಳಗೆ ಹುಕ್ಕೇರಿಯಿಂದ ಒಬ್ಬ ಎಂಜಿನಿಯರನನ್ನು ಕರೆಸಿದ್ದರು. ನನ್ನ ಪ್ರೋಗ್ರಾಮ್ ಓದಿ ದೋಷ ಅವನೂ ಹಿಡಿದಿದ್ದ. ಜಾಣ.

"ಅಜ್ಜಾರ, ಹಿಸ್ಸಾ ಪಿಸ್ಸಾ ತಗದ ಬಿಡ್ರಿ. ಒಂದರಿಂದ ಸಾಲಾಗಿ ನಂಬರ್ ಕೊಡೂಣು. ಒಂದ ಹೊಲಕ್ಕ ಒಂದ ನಂಬರ್. ಇವತ್ತ ಕೆಲಸ ಮುಗೀತೈತಿ."

ಚೇರ್ಮನ್ನರ ಮುಖ ಅರಳಿತು. ಅವರು ಅವಳ ಹಿರಿಯ ಅಣ್ಣ, ನಲವತ್ತೊಂದರ ಒಂದನೇ ಹಿಸ್ಸಾದವರು. "ಬರೋಬ್ಬರಿ ಹೇಳಿದ್ರಿ. ಮನಿ ಒಂದ, ನಂಬರ್ ಒಂದ. ನೀರು ನಾವ್ ಹಂಚಿ ಕೊಡ್ತೀವಿ."

ಬಾಗಿಲ ಬಳಿಯಿಂದ ಅವಳ ದನಿ ಬಂತು: "ಮನಿ ಒಂದ ಇದ್ರ ಕೋರ್ಟಿಗ್ಯಾಕ ಹೋಗಿದ್ವಿ, ಅಣ್ಣಾ?"

ನಾಲ್ಕು ಜನ ನಕ್ಕರು. ನಾನು ಎದ್ದು ನಿಂತೆ.

"ನಂಬರ್ ಮುಟ್ಟಂಗಿಲ್ರಿ. ತಪ್ಪು ನಂದು, ನನ್ನ ಲೆಕ್ಕದ್ದು. ಹೊಲದ ಉತಾರದಾಗ, ಪಹಣ್ಯಾಗ ಇದ್ದಂಗ ನಂಬರ್ ಇರತಾವು."

"ಹಂಗಾರ ದಾಖಲೆಯ ಮೆಮೊರಿ ವಿಳಾಸದ ಮ್ಯಾಲೆ ಹ್ಯಾಶ್ ಮಾಡ್ರಿ," ಎಂದ ಎಂಜಿನಿಯರ್.

"ವಿಳಾಸ ಮೊದಲ ಗೊತ್ತಿದ್ರ ಹುಡುಕೂದ ಯಾಕ್ರಿ? ಮ್ಯಾಲ ಒಂದ ದಾಖಲೆಗೆ ಮೂವತ್ತೆರಡು ಬೈಟ್. ವಿಳಾಸದ ತುದಿಗೂ ಐದು ಬಿಟ್ ಸೊನ್ನಿ. ಅದ ರೋಗ, ಬ್ಯಾರೆ ಮನಿ."

"ಬ್ಯಾಂಕಿನವ್ರು ಬಳಸೂ ದೊಡ್ಡ ಹ್ಯಾಶ್ ಹಾಕ್ರಿ."

"ಅದು ಮುಗಿಯೂದ್ರಾಗ ಈ ಚಿಪ್ಪಿಗೆ ನಾಕು ಸುತ್ತು ತಪ್ಪತಾವು. ಇಲ್ಲಿ ಕಳ್ಳರನ್ನ ಹಿಡಿಯೂದಿಲ್ಲ, ಜನಾನ್ನ ಖಾನೆಗೆ ಹಂಚೂದೈತಿ. ಗೋಕಾಕ ಸ್ಟ್ಯಾಂಡಿನ್ಯಾಗ ಎಲ್ಲಾ ಬಸ್ಸು ಒಂದ ಪ್ಲಾಟ್‌ಫಾರ್ಮಿಗೆ ಹಚ್ಚಿದ್ರ ಊರ ಹೆಸರ ಬದಲಿ ಮಾಡ್ತೀರೇನು? ಬಸ್ಸ ಬ್ಯಾರೆ ಕಡೆ ಹಚ್ಚತೀರಿ. ಒಂದ ಗುಣಾಕಾರ ಸಾಕು."

"ಮಿಲಿಟರಿ ಕಾಕಾಗ ಸಿಟ್ಟ ಬಂತು," ಎಂದರು ಚೇರ್ಮನ್. "ಆತ್ರಿ, ಬುಧವಾರದ ತನಕಾ. ಅವತ್ತೂ ತಪ್ಪಿದ್ರ ನಂಬರ್ ಬದಲಿ."

ಬುಧವಾರ ಅವಳದೇ ಪಾಳಿ. ನನಗೆ ಮೂರು ದಿನ ಬೇಕಿರಲಿಲ್ಲ. ರವಿವಾರ ಏಳಕ್ಕೆ ಕುಳಿತು, ನಂಬರನ್ನು ಮೂವತ್ತೆರಡು ಬಿಟ್ಟಿನ ಒಂದು ದೊಡ್ಡ ಬೆಸ ಸಂಖ್ಯೆಯಿಂದ ಗುಣಿಸುವ ಸಾಲು ಬರೆದೆ. ಓಡಿಸಿ ನೋಡಿದರೆ ಎಲ್ಲ ಮತ್ತೆ ಸೊನ್ನೆಯಲ್ಲೇ! ಕೈ ಹಳೆಯ ಅಭ್ಯಾಸದಂತೆ ಉತ್ತರದ ಕೆಳಗಿನ ಎಂಟು ಬಿಟ್ಟನ್ನೇ ತೆಗೆದುಕೊಂಡಿತ್ತು. ತುದಿಯ ಸೊನ್ನೆಗಳನ್ನು ಬೆಸ ಸಂಖ್ಯೆಯಿಂದ ಎಷ್ಟು ಗುಣಿಸಿದರೂ ಅವು ಸೊನ್ನೆಗಳೇ. ಗುಣಾಕಾರದಲ್ಲಿ ಅಂಕಿಗಳು ಬೆರೆಯುವುದು ಮೇಲ್ಗಡೆ. ಮೇಲಿನ ಎಂಟು ಬಿಟ್ ತೆಗೆದುಕೊಂಡೆ. ಖಾನೆಗಳ ಪಟ್ಟಿ ತೆರೆದರೆ ಹೆಚ್ಚಿನವುಗಳಲ್ಲಿ ಒಂದೊಂದು ದಾಖಲೆ, ಕೆಲವು ಖಾಲಿ, ತೀರ ಗರ್ದಿ ಎಂದರೆ ನಾಲ್ಕು. ಎಪ್ಪತ್ತು ದಾಟಿದವನು ಕುರ್ಚಿಯಲ್ಲಿ ಕುಳಿತೇ ಮೇಜು ಗುದ್ದಿದೆ.

ಬುಧವಾರ ಮುಂಜಾನೆ ಹೊಸ ಪ್ರೋಗ್ರಾಮ್ ಹಾಕಿ ಶೆಡ್ಡಿನಲ್ಲೇ ಕುಳಿತೆ. ಎಂಜಿನಿಯರ್ ತಾನಾಗಿಯೇ ಹುಕ್ಕೇರಿಯಿಂದ ಬಂದ. ಅವನು ಮೀಟರ್ ಎಣಿಸಿದ, ನಾನು ಪೆಟ್ಟಿಗೆಯ ಲೆಕ್ಕ ಓದಿದೆ. ಒಂದು ಸುತ್ತೂ ತಪ್ಪಲಿಲ್ಲ. ಮೇಲಿನ ಹೊಲದವರು ಮಾತ್ರ ಗದ್ದಲ ಎಬ್ಬಿಸಿದರು: "ಇಷ್ಟ ಲಗೂ ಹೆಂಗ ಮುಚ್ಚಿತ್ರಿ?" ಪಾಲು ಅಷ್ಟೇ ಎಂದೆ. ಬೈದರು. ಬೈಯಲಿ.

ಕರೆಂಟ್ ಹೋಗಲು ಇನ್ನೂ ಮುಕ್ಕಾಲು ತಾಸು ಇರುವಾಗ ಪೆಟ್ಟಿಗೆಯ ಪರದೆಯ ಮೇಲೆ ನಲವತ್ತೊಂದು, ಮೂರು ಎಂದು ಬಂತು. ನೋಡಲೆಂದು ಶೆಡ್ಡಿಗೆ ಬಂದಿದ್ದ ಚೇರ್ಮನ್ನರ ಮುಂದೆ ಸಂಘದ ಠರಾವು ಪುಸ್ತಕ ಇಟ್ಟೆ. ನಂಬರುಗಳು ಉತಾರದಲ್ಲಿದ್ದಂತೆಯೇ ಇರತಕ್ಕದ್ದು ಎಂಬ ಸಾಲನ್ನು ನಾನೇ ಬರೆದಿದ್ದೆ. ಅವರು ಕನ್ನಡಕ ಮನೆಯಲ್ಲಿದೆ ಎಂದರು. ನನ್ನದನ್ನು ಬಿಚ್ಚಿ ಕೊಟ್ಟೆ.

ಸಹಿ ಆದ ಮೇಲೆ ಹೊಲಕ್ಕೆ ಹೋದೆ. ಅವಳು ಸಲಿಕೆ ಹಿಡಿದು ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದಳು.

"ಕಾಕಾ, ಬಾಜೂಕ ಸರೀರಿ. ಬೂಟ್ ತೊಯ್ತಾವು."

"ತೊಯ್ಲಿ," ಎಂದೆ.